ಪೂಜಿ ಉದ್ದಾದ ವರ್ಷ

ಎಂಬತ್ತರ ಆಸುಪಾಸಿನ ಮಾತು. ಬೆಳಗಾವಿ ಕಾಲೇಜಿನಾಗ ಬಿ.ಎಸ್ಸಿ.ಗೆ ಸೇರಿದ್ದೆ. ದಿನಾ ಖಾನಾಪುರದಿಂದ ರೇಲ್ವೆ ಗಾಡಿಗೆ ಹೋಗಿ ಬರಾಕಿ. ಫಿಜಿಕ್ಸು, ಕೆಮಿಸ್ಟ್ರಿ, ಗಣಿತ, ಎರಡು ಭಾಷಾ, ಸಾಲದ್ದಕ್ಕ ಪ್ರಾಕ್ಟಿಕಲ್ಲು. ಕನ್ನಡ ಸಾಲ್ಯಾಗ ಕಲತಾಕಿಗೆ ಎಲ್ಲಾ ಒಮ್ಮೆಲೇ ಇಂಗ್ಲಿಷಿನಾಗ. ಪಾಠ ಮುಂದ ಓಡತಿತ್ತು, ನಾ ತೇಕಕೋತ ಹಿಂದ. ಸೇರಸೂ ದಿನಾನ ಅಪ್ಪ ಹೇಳಿಬಿಟ್ಟಿದ್ದ: "ನೋಡವಾ, ಮೊದಲನೇ ಸೆಮಿಸ್ಟರಿನಾಗ ಒಂದ ಪೇಪರ್ ಹೋತಂದ್ರೂ ಕಾಲೇಜು ಸಾಕು. ವರಾ ನೋಡೂಣು."

ಓದಾಕ ಹೊತ್ತರೆ ಎಲ್ಲಿ? ನಮ್ಮದು ತುಂಬಿದ ಮನಿ. ನಾ ಪುಸ್ತಕ ಹಿಡದ್ರ ಸಾಕು, ಎಲ್ಲಾರಿಗೂ ನನ್ನ ನೆನಪು. "ಏ, ನೀರು ತುಂಬು." "ಏ, ಹಿಟ್ಟು ನಾದು." ಸಿಟ್ಟು ಬಂದು ಪುಸ್ತಕ ಬಡಿದು ಏಳತಿದ್ದೆ. ಆದ್ರ ಒಂದು ಹೊತ್ತಿನಾಗ ಮಾತ್ರ ನಮ್ಮಲ್ಲೆ ಯಾರೂ ಯಾರನ್ನೂ ಕರೀತಿದ್ದಿಲ್ಲ. ಅದು ಮುಂಜಾನಿ ಲಿಂಗಪೂಜಿಗೆ ಕುಂತಾಗ.

ಜಳಕಾ ಮಾಡಿ, ವಿಭೂತಿ ಹಚಗೊಂಡು, ಕೊರಳಾನ ಲಿಂಗ ತಗದು ಎಡಗೈ ಮ್ಯಾಲ ಇಟಗೊಂಡು ಅದನ್ನ ನೋಡಕೋತ ಕುಂಡ್ರೂದು. ಬಾಜೂಕ ಅಪ್ಪನ ಅವ್ವ, ನಮ್ಮ ಆಯಿ, ತನ್ನ ಲಿಂಗ ಹಿಡಕೊಂಡು. ಆಯಿಗೆ ಚಹಾ ಅಂದ್ರ ಜೀಂವ, ಖರೆ ಪೂಜಿ ಮುಗಿಯೂತನಕ ಹನಿ ನೀರೂ ಮುಟ್ಟತಿದ್ದಿಲ್ಲ.

ದೀಪದ ಬೆಳಕು ಆ ಕರೀ ಲಿಂಗದಾಗ ಸಣ್ಣಗ ಅಲಗ್ಯಾಡತಿತ್ತು. ನೋಡಕೋತ ಇದ್ದಂಗ ಮನಿ ಕರಗಿ ಹೋಗೂದು. ಕಿಡಕಿ ಹೊರಗ ಮಂಜಿನಾಗ ಹುಣಸೀಗಿಡ ಇದ್ದಂಗೂ ಇರತಿತ್ತು, ಇಲ್ಲದಂಗೂ. ಹಿಂದಿನ ಸಂಜಿ ಗಾಡ್ಯಾಗ ಓದಿದ್ದು ಆಗ ಒಂದೊಂದ ಅಂಗೈ ಮ್ಯಾಲ ಬಂದು ನಿಂದರತಿತ್ತು. ಆಮ್ಲ, ಕ್ಷಾರ, ಬೆಂಜೀನಿನ ಆರು ಮೂಲಿ. ಪಿಸಪಿಸ ಅನಕೋತ ಎಲ್ಲಾನೂ ಒಪ್ಪಸತಿದ್ದೆ. ಎಷ್ಟು ಹಗುರ ಆಗತಿತ್ತಂದ್ರ, ಏಳಾಕ ಮನಸ ಬರತಿದ್ದಿಲ್ಲ.

ಹತ್ತು ಮಿಂಟಿನ ಪೂಜಿ ತಾಸಾತು. ನನ್ನ ನೋಡಿ ಆಯಿಗೂ ಭಕ್ತಿ ಉಕ್ಕಿತೋ ಏನೋ, ಆಕಿದೂ ತಾಸಾತು. ಅವ್ವ ನನ್ನ ಕರಿಯಾಕ ಬಾಗಲಕ್ಕ ಬಂದ್ರ, ಆಯಿ ಲಿಂಗದ ಮ್ಯಾಲಿನ ದೃಷ್ಟಿ ಕದಲಸದ, ಬಲಗೈಲೆ ಸುಮ್ನ ಹೋಗಂತ ಸನ್ನಿ ಮಾಡತಿದ್ಲು. ಬಾಜೂ ಮನಿ ಮರಾಠಿ ಮಾವಶಿ ಅಂತೂ ನನ್ನ ಭಕ್ತಿ ಓಣಿ ತುಂಬ ಹೇಳಿಕೊಂಡು ಬಂದ್ಲು.

ಕೆಮಿಸ್ಟ್ರಿ ಪರೀಕ್ಷಾದ ದಿನ ಪೇಪರ್ ನೋಡಿದ್ನೋ ಇಲ್ಲೋ, ತಲಿ ಖಾಲಿ. ವರಾ ನೋಡೂಣು ಅನ್ನೂದೊಂದ ಕಿವ್ಯಾಗ. ಏನೂ ತೋಚದ ಎಡಗೈ ಬಿಚ್ಚಿ ಬೆಂಚಿನ ಮ್ಯಾಲ ಇಟ್ಟು ಅದನ್ನ ನೋಡಕೋತ ಕುಂತೆ. ಸೂಪರ್‌ವೈಸರ್ ಬಂದ್ರು. "ಏನ ಬರಕೊಂಡಿಯವಾ, ತೋರಸು." ತೋರಸಿದೆ. ಮುಂಜಾನಿ ವಿಭೂತಿಯ ಗುರುತು ಅಷ್ಟ ಇತ್ತು. ಅವರು ಮುಂದಿನ ಬೆಂಚಿಗೆ ಹೋದ್ರು. ಆಮ್ಯಾಲ ಆ ಖಾಲಿ ಅಂಗೈ ಮ್ಯಾಲ ದೀಪ, ಮಂಜು, ಬೆಂಜೀನು, ಎಲ್ಲಾ ತಮ್ಮ ಸರತಿ ಹಿಡದು ಬಂದ್ವು.

ಎಲ್ಲಾ ಪೇಪರೂ ಪಾಸು. ಓಡಿ ಬಂದು ಆಯಿ ಕಾಲಿಗೆ ಬಿದ್ದು, "ನಿಮ್ಮ ಜೋಡಿ ಪೂಜಿಗೆ ಕುಂತದ್ದು ಫಲಾ ಕೊಟ್ಟಿತು ನೋಡ್ರಿ" ಅಂದೆ.

ಆಯಿ ಬಸಿಯಾಗ ಚಹಾ ಸುರುವಿ ಊದಕೋತ ಕುಂತಿದ್ಲು. "ಎದರ ಪೂಜಿ, ನನ್ನವ್ವಾ? ಆ ಬೆಂಜೀನ ಯಾವ ದೇವರು ಅಂತ ನನಗ ತಿಳೀದೇನು? ನಂದು ಹತ್ತ ಮಿಂಟಿನಾಗ ಮುಗೀತಿತ್ತು. ನಾ ಎದ್ರ ನಿನ್ನನ್ನೂ ಎಬ್ಬಸತಿದ್ರು, ಅದಕ್ಕ ಕುಂಡ್ರತಿದ್ದೆ."

ದಿನಾ ಒಂದು ತಾಸು, ಚಹಾ ಇಲ್ಲದ, ನೀರಿಲ್ಲದ.

ಆಯಿ ಬಸಿ ಖಾಲಿ ಮಾಡಿ ನನ್ನ ಕಡೆ ನೋಡಿದ್ಲು. "ಎರಡನೇ ಸೆಮಿಸ್ಟರಿಗೆ ಸ್ವಲ್ಪ ಸಣ್ಣ ಪುಸ್ತಕ ತಗೋ. ಹೊಟ್ಟಿ ತಡಿಯೂದಿಲ್ಲ."