ಹೆಪ್ಪು ಮತ್ತು ನಕಲು ಪ್ರತಿ

ನನ್ನ ಕಂಪ್ಯೂಟರಿನ ಪರದೆಯ ಕೆಳಗಿನ ಬಲಮೂಲೆಯಲ್ಲಿ ಬೂದುಬಣ್ಣದ ಎರಡು ಸಾಲುಗಳು ಏಳು ವರ್ಷ ಬಿಡಾರ ಹೂಡಿದ್ದವು. ನೀವು ಬಳಸುತ್ತಿರುವ ತಂತ್ರಾಂಶದ ಪ್ರತಿ ಅಸಲಿಯಲ್ಲ ಎಂಬುದು ಅವುಗಳ ತಾತ್ಪರ್ಯ. ಮನೆಯವರು ಯಾರಾದರೂ ನನ್ನ ಅಸಲಿತನದ ಬಗ್ಗೆ ಹೀಗೆ ದಿನವೂ ಸಂಶಯಪಟ್ಟಿದ್ದರೆ ಜಗಳವೇ ಆಗಿಬಿಡುತ್ತಿತ್ತು. ಹೇಳುತ್ತಿದ್ದುದು ಯಂತ್ರವಾದ್ದರಿಂದ ನಾನು ಉದಾರವಾಗಿ ಕ್ಷಮಿಸಿದ್ದೆ. ಬೈಲಹೊಂಗಲದ ಕಾಲೇಜಿನಲ್ಲಿ ಮೂರು ದಶಕ ಕನ್ನಡ ಪಾಠ ಹೇಳಿ ನಿವೃತ್ತನಾದ ಈ ಮಹಾಶಯ ಸತ್ಯ, ಅಸ್ತೇಯ, ಅಪರಿಗ್ರಹಗಳ ಮೇಲೆ ಬರೆದ ಪ್ರಬಂಧಗಳೆಲ್ಲ ಆ ಎರಡು ಸಾಲುಗಳ ಕಣ್ಗಾವಲಿನಲ್ಲೇ ಹುಟ್ಟಿದವು.

ಹೀಗಿರುತ್ತ, ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ಜನ ಕದ್ದ ತಂತ್ರಾಂಶ ಬಳಸುತ್ತಾರೆ ಎಂಬ ಪಟ್ಟಿಯೊಂದು ಪತ್ರಿಕೆಯಲ್ಲಿ ಬಂತು. ಸಿರಿವಂತ ದೇಶಗಳು ಪಟ್ಟಿಯ ತಳದಲ್ಲಿ ಸಾಧುಗಳಂತೆ ಕೂತಿದ್ದವು. ನಮ್ಮಂಥವರು ಮೇಲೆ, ತಲೆ ತಗ್ಗಿಸುವಷ್ಟು ಎತ್ತರದಲ್ಲಿದ್ದೆವು. ಉಳಿದೆಲ್ಲ ಹೊತ್ತಿನಲ್ಲಿ ಗೊರಕೆ ಹೊಡೆಯುವ ನನ್ನ ದೇಶಾಭಿಮಾನ ತಟ್ಟನೆ ಎದ್ದು ಕೂತಿತು. ಆ ವಾರವೇ ಸವದತ್ತಿಯಲ್ಲಿ ಒಂದು ವಿಚಾರಗೋಷ್ಠಿಯಿತ್ತು, ವಿಷಯವೂ ನೀತಿ ಮತ್ತು ತಂತ್ರಜ್ಞಾನ. ಹೊಟ್ಟೆಯೊಳಗಿನ ಸಿಟ್ಟಿಗೆ ವೇದಿಕೆ ಸಿಕ್ಕಿತು.

ಅಲ್ಲಿ ನಾನು ಮಂಡಿಸಿದ ವಾದ ಕಳಪೆಯದೇನೂ ಆಗಿರಲಿಲ್ಲ. ಸಮುದ್ರದಾಚೆಯ ಕಂಪನಿ ತನ್ನ ಊರಿನ ಸಂಬಳಕ್ಕೆ ಹೊಂದುವ ಬೆಲೆಯನ್ನೇ ರಾಮದುರ್ಗದ ಗುಮಾಸ್ತನ ಮುಂದೆಯೂ ಹಿಡಿದರೆ, ಪಟ್ಟಿಯಲ್ಲಿ ಏರಿಳಿಯುವುದು ಕಳ್ಳತನವಲ್ಲ, ಬಡತನ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಹೆಪ್ಪಿನ ವಿಷಯ ತೆಗೆದೆ. ನಮ್ಮ ಕಡೆ ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ, ಅವರು ಒಂದು ಚಮಚ ಹೆಪ್ಪು ಹಾಕಿ ಕಳಿಸುತ್ತಾರೆ; ಕೊಟ್ಟವರ ಗಡಿಗೆ ಬರಿದಾಗುವುದಿಲ್ಲ, ಇಸಿದುಕೊಂಡವರು ತಿರುಗಿ ಕೊಡುವುದಿಲ್ಲ, ಇಲ್ಲವೆಂದವಳ ಹೆಸರು ಸಂಜೆಯೊಳಗೆ ಓಣಿಯ ತುಂಬ ಓಡಾಡುತ್ತದೆ. ಹೆಪ್ಪು ಕೊಟ್ಟು ಬೆಳೆದ ಜನಕ್ಕೆ ಪ್ರತಿ ಮಾಡಿಕೊಡುವುದು ಕಳವಾಗಿ ಕಂಡೀತು ಹೇಗೆ ಎಂದು ಕೇಳಿದೆ. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನನ್ನಂಥವನ ತಲೆಗೆ ಬಲುಬೇಗ ಏರುತ್ತದೆ. ಸ್ವಂತದ ಉದಾಹರಣೆ ಕೊಡುವ ಹುಮ್ಮಸ್ಸಿನಲ್ಲಿ ದಸ್ತಗೀರನ ಅಕ್ಷರಗಳ ಕತೆಯನ್ನು ನಗೆಯಾಡುತ್ತ ಹೇಳಿಬಿಟ್ಟೆ.

ದಸ್ತಗೀರ ರಾಮದುರ್ಗದವನು, ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದು ಕುಂಚದ ಅನ್ನ ಕಸಿದ ಮೇಲೆ ಕಂಪ್ಯೂಟರ್ ಕಲಿತು, ಲಗ್ನಪತ್ರಿಕೆಗೆ ಒಪ್ಪುವ ಕನ್ನಡ ಅಕ್ಷರಗಳನ್ನು, ಅಂದರೆ ಒಂದು ಫಾಂಟನ್ನು, ನಾಲ್ಕು ವರ್ಷ ಕೂತು ತಯಾರಿಸಿದ. ಒಂದೊಂದು ಅಕ್ಷರವನ್ನೂ ಮೊದಲು ಕುಂಚದಿಂದ ಹಾಳೆಯ ಮೇಲೆ ತಿದ್ದುವನು, ರವಿವಾರ ಆ ಕಟ್ಟು ಹಿಡಿದು ಬಸ್ಸಿನಲ್ಲಿ ನನ್ನ ಮನೆಗೆ ಬರುವನು, ಯಾವ ಒತ್ತಕ್ಷರ ಎಲ್ಲಿ ಕೂತರೆ ಚಂದ ಎಂದು ಕೇಳುವನು. ಕೆಲಸ ಮುಗಿದಾಗ ಮೊದಲ ಪ್ರತಿಯನ್ನು ನನಗೆ ಪುಕ್ಕಟೆ ಕೊಟ್ಟು, ಯಾರಿಗೂ ಕೊಡಬೇಡಿರೆಂದು ಒಂದೇ ಒಂದು ಮಾತು ಕೇಳಿಕೊಂಡಿದ್ದ. ಕಿತ್ತೂರಿನಲ್ಲಿ ಮುದ್ರಣಾಲಯ ಇಟ್ಟ ನನ್ನ ಷಡ್ಡಕ ಮರುವಾರ ಪೆನ್‌ಡ್ರೈವ್ ಹಿಡಿದು ಬಂದ. ಬೀಗರ ಪೈಕಿ, ಇಲ್ಲವೆನ್ನುವುದು ಹೇಗೆ? ಆ ವರ್ಷದ ಲಗ್ನಸರಾಯಿಯಲ್ಲಿ ಹೂಲಿಯಿಂದ ಸುರೇಬಾನದವರೆಗೆ ಎಲ್ಲ ಮದುಮಕ್ಕಳ ಹೆಸರೂ ದಸ್ತಗೀರನ ಅಕ್ಷರದಲ್ಲೇ ಮೆರೆದವು. ಅವನ್ನು ಕೊಂಡವರು ಮಾತ್ರ ಇಬ್ಬರೋ ಮೂವರೋ. ಹೊರಗೆ ಹೋದದ್ದು ಹೇಗೆಂದು ಅವನು ನನ್ನನ್ನೇ ಬಂದು ಕೇಳಿದಾಗ ಕಾಲವೇ ಕೆಟ್ಟಿದೆ ಎಂದು ಅವನ ಜೊತೆ ಸೇರಿ ನಾನೂ ಬೈದಿದ್ದೆ.

ನಾನು ಈ ಕತೆ ಹೇಳುವಾಗ ದಸ್ತಗೀರ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ. ಗೋಷ್ಠಿಯ ಆಮಂತ್ರಣದಲ್ಲಿ ನನ್ನ ಹೆಸರು ನೋಡಿ, ಸರ್ ಮಾತು ಕೇಳಬೇಕೆಂದು ಅಂಗಡಿ ಮುಚ್ಚಿ ಬಂದಿದ್ದ. ಆ ಆಮಂತ್ರಣವನ್ನೂ ಅವನ ಅಕ್ಷರಗಳಲ್ಲೇ ಅಚ್ಚು ಹಾಕಿದ್ದರು, ಅವನಿಗೆ ಕಾಸು ಕೊಡದೆ.

ಚಹಾದ ಹೊತ್ತಿಗೆ ಅವನೇ ನನ್ನ ಬಳಿ ಬಂದ. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದ: "ಸರ, ಹೆಪ್ಪ ಕೇಳಾಕ ಬರಾವ್ರ ಮನ್ಯಾಗ ಅವ್ರದ ಹಾಲ ಇರತೈತ್ರಿ. ನೀವು ನನ್ನ ಗಡಗಿನ ಎತ್ತಿ ಕೊಟ್ರಲ್ರಿ."

ಮೂವತ್ತು ವರ್ಷ ಅಲಂಕಾರಶಾಸ್ತ್ರ ಕಲಿಸಿದವನಿಗೆ ತನ್ನ ಉಪಮೆ ಎಲ್ಲಿ ಮುರಿದಿದೆಯೆಂದು ತೋರಿಸಲು ಬೋರ್ಡು ಬರೆಯುವವನು ಬರಬೇಕಾಯಿತು. ನಾಚಿಕೆಯಾಯಿತು, ಓದುಗರೇ, ನಿಜಕ್ಕೂ ನಾಚಿಕೆಯಾಯಿತು. ಅವನು ಪುಸ್ತಕಗಳಿಗೆಂದೇ ಸಣ್ಣ ಅಕ್ಷರಗಳ ಇನ್ನೊಂದು ಫಾಂಟು ಶುರುಮಾಡಿದ್ದ. ಟ ವರ್ಗದವರೆಗಿನ ಹಾಳೆಗಳನ್ನು ನಾನೇ ನೋಡಿದ್ದೆ. ಅದು ಮುಗಿಯಲಿ, ಮೊದಲ ಪ್ರತಿಯನ್ನು ನಾನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ ಎಂದು ತಡವರಿಸಿದೆ.

"ಇಲ್ರಿ ಸರ, ಬರಿಯೂದು ಬಿಟ್ಟೇನಿ," ಎಂದ. ಬಸ್ಸಿನ ಹೊತ್ತಾಯಿತೆಂದು ಕೈ ಮುಗಿದು ಹೋದ. ಅಂದಿನಿಂದ ಯಾವ ರವಿವಾರವೂ ಅವನು ನಮ್ಮ ಮನೆಗೆ ಬಂದಿಲ್ಲ, ರಾಮದುರ್ಗಕ್ಕೆ ಹೋಗಿ ಅವನ ಅಂಗಡಿಯ ಮೆಟ್ಟಿಲು ಹತ್ತುವ ಮುಖ ನನಗೂ ಇಲ್ಲ.

ಊರಿಗೆ ಮರಳಿದ ಮೇಲೆ ಒಂದು ಪ್ರಾಯಶ್ಚಿತ್ತ ಮಾಡಿಕೊಂಡೆ. ಸಮುದ್ರದಾಚೆಯ ಆ ಕಂಪನಿಗೆ ಪೂರ್ತಿ ಬೆಲೆ ಕೊಟ್ಟು ಅಸಲಿ ಪ್ರತಿ ತರಿಸಿದೆ. ನಾನು ಕದ್ದದ್ದು ಅವರಿಗೆ ಗೊತ್ತಿರಲಿಲ್ಲ, ತಿದ್ದಿಕೊಂಡದ್ದೂ ಗೊತ್ತಿಲ್ಲ. ಆದರೂ ಪಟ್ಟಿಯಲ್ಲಿ ನಮ್ಮ ದೇಶ ಕೂದಲೆಳೆಯಷ್ಟಾದರೂ ಕೆಳಗಿಳಿದಿರಬೇಕು. ದಸ್ತಗೀರನಂಥವರು ಕಳೆದುಕೊಂಡದ್ದನ್ನು ಎಣಿಸುವ ಪಟ್ಟಿ ಯಾವ ದೇಶದಿಂದಲೂ ಬಂದದ್ದನ್ನು ನಾನು ಕಂಡಿಲ್ಲ.

ಈಗ ಪರದೆಯ ಬಲಮೂಲೆ ನಿರ್ಮಲವಾಗಿದೆ, ಬೂದುಬಣ್ಣದ ಆ ಸಾಲುಗಳು ಹೋಗಿವೆ. ಈ ಪ್ರಬಂಧವನ್ನು ದಸ್ತಗೀರನ ಅಕ್ಷರಗಳಲ್ಲೇ ಟೈಪು ಮಾಡಿದ್ದೇನೆ. ಅದರ ಬಗ್ಗೆ ಯಂತ್ರ ಏನೂ ಹೇಳುವುದಿಲ್ಲ.