ತೆರೆದಿಟ್ಟ ನಲ್ಲಿಗಳು

ನನ್ನ ಸೊಸೆಗೆ ಬೀದಿಯವರು ಇಟ್ಟ ಹೆಸರು ಕಾಜಕ್ಕ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಕುಳಿತು ದರ್ಜಿ ಅಂಗಡಿಯ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ಹೊರಗೆ ಹೋಗಿ ದುಡಿಯುವ ಆಸೆ ಇತ್ತು, ಆದರೆ ನಲ್ಲಿ ಅವಳನ್ನು ಬಿಡಬೇಕಲ್ಲ! ನಮ್ಮದು ಬೀದಿಯ ಕೊನೆಯ ಮನೆ. ನೀರು ಯಾವಾಗ ಬಂದೀತೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರೂ ನಲ್ಲಿ ತೆರೆದೇ ಇಟ್ಟು ಕೆಳಗೆ ಕೊಡ ಇಡುತ್ತಿದ್ದೆವು. ಕೊಡದಲ್ಲಿ ಸದ್ದಾದರೆ ಇವಳು ಸೂಜಿ ಬಿಸುಟು ಓಡಬೇಕು. ಮಗ ಲಾರಿ ಓಡಿಸುತ್ತಾ ಊರೂರು ತಿರುಗುವವನು, ನನಗೋ ಮಂಡಿನೋವು.

ಈ ವರ್ಷ ನಗರಸಭೆಯವರು ಹೊಸ ಕೊಳವೆ ಹಾಕಿ, ಇನ್ನು ದಿನವಿಡೀ ನೀರು ಎಂದರು. ಅದೇ ವಾರ ಅಂಗಡಿಯ ಮಾಸ್ಟರು ಹೇಳಿ ಕಳಿಸಿದರು: "ಇಲ್ಲೇ ಬಂದು ಕೂತ್ಕೊಳಮ್ಮ, ಮಿಷನ್ ಕೊಡ್ತೀನಿ. ಸೋಮವಾರ ಬರದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಬೀದಿಗೆಲ್ಲ ನೀರು ಬಂತು. ನಮ್ಮ ನಲ್ಲಿಗೆ ಮಾತ್ರ ಹನಿಯೂ ಇಲ್ಲ.

"ನನ್ನ ಹಣೇಲಿ ಸೂಜೀನೇ ಬರ್ದಿದೆ ಬಿಡಿ ಅತ್ತೆ" ಎಂದಳು.

ಭಾನುವಾರ ಬೆಳಿಗ್ಗೆ ಕಸ ಹಾಕಲು ಹೋದವಳು ಹೊರಗಿನಿಂದಲೇ ಕೂಗಿದಳು. "ಅತ್ತೆ, ಚರಂಡಿ ನೋಡಿ ಬನ್ನಿ! ಕನ್ನಡಿ ಹಾಗಿದೆ ನೀರು!"

ಸೆರಗು ಸಿಕ್ಕಿಸಿ ಬೀದಿಯ ಮೇಲ್ತುದಿಗೆ ನಡೆದಳು. ನಾನೂ ಕುಂಟುತ್ತಾ ಹಿಂದೆ ಹೋದೆ. ಎಲ್ಲರ ಮನೆಯಲ್ಲೂ ಡ್ರಮ್ಮು ತುಂಬಿ ಹರಿಯುತ್ತಿತ್ತು. ಹಳೇ ರೂಢಿ, ನಲ್ಲಿ ಮುಚ್ಚುವುದೇ ಯಾರಿಗೂ ತೋಚಿರಲಿಲ್ಲ; ಕೊನೆಯ ಮನೆಗೆ ನೀರು ತಲುಪುವುದಾದರೂ ಹೇಗೆ? ಮಹಡಿಮನೆಯ ಅಜ್ಜಿಯಂತೂ ನಿನ್ನೆಯ ನೀರು ಹಳಸಿತೆಂದು ಚೆಲ್ಲಿ ಹೊಸದು ಹಿಡಿಯುತ್ತಿದ್ದರು.

"ಅಜ್ಜಿ, ನಲ್ಲಿ ಮುಚ್ಚಿ."

"ಮುಚ್ಚಿದ್ರೆ ನೀರು ಬಂದಿದ್ದು ಗೊತ್ತಾಗೋದು ಹೇಗೇ?"

"ಬಂದಾಗಿದೆಯಲ್ಲ! ಹೋಗೋದೇ ಇಲ್ಲ ಇನ್ನು."

"ಮುನಿಸ್ಕೊಂಡು ಹೋಗ್ಬಿಟ್ರೆ?"

"ನೀರೇನು ನಿಮ್ಮ ಅಳಿಯಾನಾ ಅಜ್ಜಿ, ಮುನಿಸ್ಕೊಳ್ಳೋಕೆ?"

ಪಕ್ಕದ ಮನೆಯವರೆಲ್ಲ ಗೊಳ್ಳೆಂದರು. ಅಜ್ಜಿಯೂ ನಕ್ಕು, "ನಿನ್ನ ಬಾಯಿಗೊಂದು ಕಾಜಾ ಹೊಲ್ದು ಗುಂಡಿ ಹಾಕ್ಬೇಕು" ಎಂದು ಬೈಯುತ್ತಲೇ ನಲ್ಲಿ ತಿರುಗಿಸಿದರು. ಎದುರು ಮನೆಯವಳು, "ನಿಂಗೆ ಬೇಕು ಅಂತ ನಾವು ಹಿಡೀಬಾರ್ದಾ?" ಎಂದು ಸಿಡುಕಿದಳು.

"ಹಿಡೀರಿ ಅಕ್ಕ, ಬೇಕಾದಷ್ಟು ಹಿಡೀರಿ. ತುಂಬಿದ್ಮೇಲೆ ಮುಚ್ಚಿ. ನಾಳೆ ನಾನು ಕೆಲಸಕ್ಕೆ ಹೋಗ್ಬೇಕು" ಎಂದಳು ಸೊಸೆ. ಎದುರು ಮನೆಯವಳು ಒಳಗೆ ಹೋದಳು. ಅವಳ ಡ್ರಮ್ಮಿನ ಸದ್ದು ನಿಂತಿತು, ಒಂದೊಂದಾಗಿ ಉಳಿದ ಮನೆಗಳದೂ.

ನಾವು ಮನೆ ಸೇರುವಷ್ಟರಲ್ಲಿ ನಮ್ಮ ನಲ್ಲಿ ಎರಡು ಸಲ ಕೆಮ್ಮಿ, ಬೆರಳು ಗಾತ್ರದ ನೀರು ಸುರಿಸುತ್ತಿತ್ತು. ಇವಳು ಅಲ್ಲೇ ಕುಕ್ಕರಿಸಿ ಮುಖ ತೊಳೆದುಕೊಂಡಳು. ಅತ್ತಳೋ ನಕ್ಕಳೋ, ನೀರಲ್ಲಿ ತಿಳಿಯಲಿಲ್ಲ.

ಆದರೂ ಸೋಮವಾರ ಹೊರಡುವಾಗ ಹೊಸ್ತಿಲಲ್ಲಿ ನಿಂತಳು. "ಮಧ್ಯಾಹ್ನ ನಿಂತುಹೋದ್ರೆ?"

ನಲ್ಲಿ ತಿರುಗಿಸಿ ತೋರಿಸಿದೆ. ಬಂತು. ಮುಚ್ಚಿದೆ. ಮತ್ತೆ ತಿರುಗಿಸಿದೆ. ಬಂತು. "ಇನ್ನು ಕೊಡ ಹೊರೋದೇನಿಲ್ಲ, ಲೋಟ ಎತ್ತೋ ಶಕ್ತಿ ನಂಗಿದೆ, ಹೋಗೇ ಮಾರಾಯ್ತಿ!"

ಸಂಜೆ ಬಂದವಳು ನೀರಿನ ಮಾತೇ ಎತ್ತಲಿಲ್ಲ. ಚಪ್ಪಲಿಯನ್ನೂ ಬಿಡದೆ, "ಮಿಷನ್ನು ಎಷ್ಟು ಹಗುರ ಅತ್ತೆ, ಕಾಲಿಟ್ರೆ ಸಾಕು, ಓಡುತ್ತೆ!" ಎಂದು ಶುರುಮಾಡಿದವಳು ಊಟ ಮುಗಿದರೂ ನಿಲ್ಲಿಸಲಿಲ್ಲ.