ಯೆಸ್-ಆರ್-ನೋ ಮಿಸ್

ಮಕ್ಕಳು ಇಟ್ಟ ಹೆಸರು ಯೆಸ್-ಆರ್-ನೋ ಮಿಸ್. ಯಾರಾದರೂ ಉತ್ತರ ಗೊತ್ತಿಲ್ಲದೆ ರಾಗ ಎಳೆದರೆ ಸಾಕು, ಮಿಸ್ ಹುಬ್ಬೇರಿಸಿ "ಯೆಸ್ ಆರ್ ನೋ?" ಅಂದುಬಿಡುತ್ತಿದ್ದರು. ಮನೆಯಲ್ಲೂ ಅದೇ ಕಥೆ. ನಮ್ಮ ಸೊಸೆಗೆ ಬರೀ ಹೂಂಗುಟ್ಟಿದರೆ ನಡೆಯಲ್ಲ, ಕಟಕಟೆಯಲ್ಲಿ ನಿಂತ ಹಾಗೆ ಉತ್ತರ ಕೊಡಬೇಕು ಅಂತ ಅತ್ತೆ ನೆಂಟರ ಮುಂದೆಲ್ಲ ನಗುತ್ತಿದ್ದರು. ಅಂಥ ಮಿಸ್ ಈಗ ಟೀಚರುಗಳಿಗೇ ಟೀಚರು! ಮನೆಯಲ್ಲಿ ಇಂಗ್ಲಿಷಿನ ಗಾಳಿಯೂ ಸೋಕದ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ಕಂಗಾಲಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ ಗಣಿತ, ವಿಜ್ಞಾನ, ಡ್ರಾಯಿಂಗ್ ಕಲಿಸುವವರಿಗೆಲ್ಲ ಶನಿವಾರ ಶನಿವಾರ ತರಬೇತಿ ಕೊಡುತ್ತಿದ್ದರು.

ಆ ಶನಿವಾರ ಹುರುಪಿನಲ್ಲಿ ತಮ್ಮದೇ ಕ್ಲಾಸಿನ ತಮಾಷೆಯೊಂದನ್ನು ಹೇಳಿದರು. ಹೊಸದಾಗಿ ಸೇರಿದ ಎರಡು ಜಡೆಯ ಹುಡುಗಿ, ಅವಳ ಕಾಲಬುಡದಲ್ಲಿ ಒಡೆದು ಬಿದ್ದ ಗ್ಲೋಬು. ಪಾಪ, ತಪ್ಪಿಸಿಕೊಳ್ಳಲಿ ಅಂತಲೇ ಮಿಸ್ "ಯು ಡಿಡಂಟ್ ಬ್ರೇಕ್ ಇಟ್?" ಅಂತ ಕೇಳಿದ್ದರು. ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು "ಯೆಸ್ ಮಿಸ್" ಅಂದಳು. ಮತ್ತೆ ಕೇಳಿದರೂ ಯೆಸ್ಸೇ.

"ಒಡೆದಿದ್ದೂ ಅಲ್ದೆ ಎದೆ ಸೆಟೆಸಿ ಒಪ್ಕೋತಾಳೆ ನೋಡಿ," ಅಂದಾಗ ಇಡೀ ಹಾಲ್ ಗೊಳ್ಳೆಂದಿತು.

ಆಮೇಲಿನದನ್ನು ಮಿಸ್ ಹೇಳಲಿಲ್ಲ. ಹುಡುಗಿಯನ್ನು ಹಿಂದಿನ ಬೆಂಚಿಗೆ ಅಟ್ಟಿದ್ದು, ಟೈಲರ್ ಕೆಲಸದ ಅವಳ ತಾಯಿ ಸೆರಗಿಗೆ ದಾರದ ಚೂರು ಅಂಟಿಸಿಕೊಂಡೇ ಓಡಿಬಂದು ಕ್ಲಾಸಿನೆದುರು "ತಪ್ಪಾಯ್ತು ಮಿಸ್" ಅಂದದ್ದು, ಅಂದಿನಿಂದ ಹುಡುಗಿಯ ಬಾಯಿಗೆ ಬೀಗ ಬಿದ್ದದ್ದು, ಇದ್ಯಾವುದೂ ತಮಾಷೆಯ ಲೆಕ್ಕಕ್ಕೆ ಬಂದಿರಲಿಲ್ಲ.

ಅಷ್ಟರಲ್ಲಿ ಚಹಾದವನು ಕೆಟಲ್ ಹಿಡಿದು ಬಾಗಿಲಲ್ಲಿ ನಿಂತ. ತರಬೇತಿಯಲ್ಲಿ ಬರೀ ಇಂಗ್ಲಿಷ್ ಅನ್ನುವುದು ಮಿಸ್ಸಿನದೇ ಕಟ್ಟಪ್ಪಣೆ. "ಹ್ಯಾವಂಟ್ ಯು ಹ್ಯಾಡ್ ಟೀ?" ಅಂತ ಕೇಳಿದರು. ಎಲ್ಲರೂ ಒಕ್ಕೊರಲಿನಿಂದ "ಯೆಸ್ ಮೇಡಂ" ಅಂದರು. ಸರಿ, ಕುಡಿದಾಗಿದೆಯಲ್ಲ ಅಂತ ಮಿಸ್ ಅವನನ್ನು ಕಳಿಸಿಬಿಟ್ಟರು. ಕೆಟಲ್ ಮೆಟ್ಟಿಲಿಳಿಯುವ ಸದ್ದು ಕೇಳಿ ಗಣಿತದ ಮೇಷ್ಟ್ರಿಗೆ ತಡೆಯಲಾಗಲಿಲ್ಲ, ಕಟ್ಟಪ್ಪಣೆ ಗಾಳಿಗೆ ಹೋಯಿತು.

"ಅವನನ್ನ ಯಾಕೆ ಕಳಿಸಿದ್ರಿ ಮೇಡಂ? ಕುಡಿದಿಲ್ಲ ಅಂದ್ವಲ್ಲ."

"ನೀವು ಯೆಸ್ ಅಂದ್ರಿ."

"ಅದೇ ಮತ್ತೆ. ಹೌದು, ಕುಡಿದಿಲ್ಲ."

ಮಿಸ್ ಎಲ್ಲರ ಜೊತೆ ನಗುತ್ತಲೇ ಬೋರ್ಡಿನತ್ತ ತಿರುಗಿದರು. ನಮ್ಮ ಮಾತಲ್ಲಿ ಹೌದು ಅಂದರೆ ನೀವಂದದ್ದು ನಿಜ ಅಂತ. ಇಂಗ್ಲಿಷಿನ ಯೆಸ್ ಹಾಗಲ್ಲ, ಕೆಲಸ ಆಗಿದೆ ಅಂತ. ಒಳ್ಳೇ ಪಾಠ ಸಿಕ್ಕಿತು ಅಂದುಕೊಂಡು ಅರ್ಧ ಬರೆದಿದ್ದರೋ ಇಲ್ಲವೋ, ಸೀಮೆಸುಣ್ಣ ನಿಂತಿತು.

ಯೆಸ್ ಮಿಸ್. ಹೌದು ಮಿಸ್, ಒಡೆದಿಲ್ಲ.

ಕಿವಿ ಕಾದ ಹೆಂಚಾಯಿತು. ತಿರುಗಿ ನಿಂತರೆ ಮುಖ ಕಾಣುತ್ತದಲ್ಲ ಅಂತ ಬರೆದದ್ದನ್ನೇ ಮತ್ತೆ ಮತ್ತೆ ತಿದ್ದಿದರು. ಆ ತಮಾಷೆಗೆ ನಕ್ಕವರೆಲ್ಲ ಬೆನ್ನ ಹಿಂದೆಯೇ ಕೂತಿದ್ದರು.

ರಾತ್ರಿ ಅತ್ತೆ "ಊಟ ಮಾಡಲ್ವೇನಮ್ಮಾ?" ಅಂದರು. "ಹೂಂ," ಅಂದರು ಮಿಸ್. ಅತ್ತೆ ಸುಮ್ಮನೆ ಪಾತ್ರೆಗೆ ಮುಚ್ಚಳ ಮುಚ್ಚಿದರು. ಅವರಿಗೆ ಅರ್ಥವಾಗಿತ್ತು.

ಸೋಮವಾರ ಹುಡುಗಿಯನ್ನು ವರಾಂಡಕ್ಕೆ ಕರೆದು ಗುಟ್ಟಾಗಿ ಹೇಳಿ ಮುಗಿಸೋಣ ಅನ್ನಿಸಿತು. ಆದರೆ ಆ ತಾಯಿ ತಪ್ಪಾಯ್ತು ಅಂದದ್ದು ಎಲ್ಲರೆದುರಿಗೆ. ಮಿಸ್ ಹಿಂದಿನ ಬೆಂಚಿನ ತನಕ ನಡೆದು ಇಡೀ ಕ್ಲಾಸಿಗೆ ಕೇಳುವ ಹಾಗೆ, ಇಂಗ್ಲಿಷ್ ಬಿಟ್ಟು ಕೇಳಿದರು.

"ಗ್ಲೋಬ್ ನೀನು ಒಡೆದಿರಲಿಲ್ಲ, ಅಲ್ವಾ ಪುಟ್ಟಿ?"

ಹುಡುಗಿ ಜಡೆಯ ತುದಿ ತಿರುಚಿದಳು. "ಅವತ್ತೇ ಯೆಸ್ ಅಂದ್ನಲ್ಲ ಮಿಸ್."

"ಅಂದಿದ್ದೆ. ನಾನೇ ತಪ್ಪು ತಿಳ್ಕೊಂಡೆ. ತಪ್ಪಾಯ್ತು ಕಣಮ್ಮಾ."

"ನಮ್ಮಮ್ಮಂಗೆ ಹೇಳಲ್ವಾ ಮಿಸ್?"

ಯೆಸ್ ಅನ್ನಹೊರಟ ಮಿಸ್ ನಾಲಿಗೆ ಕಚ್ಚಿಕೊಂಡರು. "ಹೇಳ್ತೀನಿ," ಅಂದರು.

ಸಂಜೆ ಅಂಗಡಿಯ ಬಾಗಿಲಲ್ಲಿ ಮಿಸ್ಸನ್ನು ಕಂಡದ್ದೇ ತಡ, ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ತಾಯಿ ಎದ್ದು ಕೈಮುಗಿದಳು.

"ಮತ್ತೇನ್ ಒಡೆದ್ಲು ಮಿಸ್?"

ಮಿಸ್ ಮುಖ ಎತ್ತಲಿಲ್ಲ. "ಏನೂ ಒಡೆದಿಲ್ಲಮ್ಮಾ," ಅಂದರು. "ಅವತ್ತೂ ಒಡೆದಿರಲಿಲ್ಲ."